ಕಂದು ಬೆಲ್ಟು ಮತ್ತು ನೀರಿನ ಬಾಟಲಿ

ನಲವತ್ತಾರನೇ ವಯಸ್ಸಿನಲ್ಲಿ ಕರಾಟೆ ಕಲಿಯಲು ಹೋದವಳಿಗೆ ಇಂಥವು ಆಗುತ್ತಲೇ ಇರುತ್ತವೆ. ಕೇಳಿದವರು ನಗುತ್ತಾರೆ, ನನಗೆ ಮಾತ್ರ ಮೈ ಉರಿಯುತ್ತದೆ. ಯಲಹಂಕದಲ್ಲಿ ನನ್ನದು ಟೈಲರಿಂಗ್ ಅಂಗಡಿ. ಸಂಜೆ ಪಾರ್ಕಿನ ಪಕ್ಕದ ಹಾಲ್‌ನಲ್ಲಿ ಕರಾಟೆ. ಮೂರು ವರ್ಷ ಬೆವರು ಸುರಿಸಿದ ಮೇಲೆ ನನಗೆ ಬೇಕಿದ್ದದ್ದು ಕಪ್ಪಿಗಿಂತ ಒಂದು ಮೆಟ್ಟಿಲು ಕೆಳಗಿನ ಕಂದು ಬೆಲ್ಟು. ಅದಕ್ಕೆ ಅಡ್ಡ ನಿಂತಿದ್ದು ಲಿಖಿತ ಪರೀಕ್ಷೆ, ಜಪಾನಿನ ಒಕಿನಾವಾ ದ್ವೀಪದಲ್ಲಿ ಹುಟ್ಟಿದ ಕರಾಟೆಯ ಇತಿಹಾಸ.

೧. ಗಂಡನ ಅನುಮಾನ

"ಹೊಡೆಯೋದು ಕಲಿಯೋಕೆ ಹಿಸ್ಟರಿ ಯಾಕೆ? ಕಳ್ಳ ಬಂದು ಒಕಿನಾವಾ ಎಲ್ಲಿದೆ ಅಂತ ಕೇಳ್ತಾನಾ?" ಎಂದರು ನಮ್ಮವರು, ಟಿವಿಯಿಂದ ಕಣ್ಣು ತೆಗೆಯದೆ.

ನನಗೂ ಅದೇ ಅನುಮಾನವಿತ್ತು. ಆದರೆ ಅವರ ಬಾಯಲ್ಲಿ ಕೇಳಿ ರೇಗಿಹೋಯಿತು.

"ಕಳ್ಳ ಕೇಳಲ್ಲ. ನೀವು ಕೇಳಿ" ಎಂದು ಟಿವಿ ಆರಿಸಿ, ಪರೀಕ್ಷೆಯ ನೋಟ್ಸಿನ ಮೊದಲ ಪುಟವನ್ನು ಗಟ್ಟಿಯಾಗಿ ಎರಡು ಸಲ ಓದಿದೆ. ಅವತ್ತಿನಿಂದ ನಾನು ನೋಟ್ಸ್ ಎತ್ತಿಕೊಂಡರೆ ಸಾಕು, ಅವರು ಮೊಸರು ತರಲು ಹೊರಡುತ್ತಾರೆ. ಫ್ರಿಜ್ಜಿನಲ್ಲಿ ಈಗ ಮೊಸರು ಬಿಟ್ಟು ಬೇರೇನಕ್ಕೂ ಜಾಗವಿಲ್ಲ.

೨. ಲೈನಿಂಗ್ ಮೇಲಿನ ಬರಹ

ಅಂಗಡಿಯಲ್ಲಿ ಓದಲು ಪುರುಸೊತ್ತೆಲ್ಲಿ? ಬ್ಲೌಸಿನ ಲೈನಿಂಗ್ ಮೇಲೆ ಚಾಕ್‌ಪೀಸಿನಲ್ಲಿ ಊರು, ಇಸವಿ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೆ. ಒಂದನ್ನು ಅಳಿಸಲು ಮರೆತು ಹಾಗೇ ಹೊಲಿದು ಕೊಟ್ಟುಬಿಟ್ಟೆ. ಮರುದಿನ ಹುಣಸಮಾರನಹಳ್ಳಿಯ ಹೆಂಗಸು ಬ್ಲೌಸ್ ಹಿಡಿದು ಬಂದಳು.

"ಅಕ್ಕಾ, ಒಳಗಡೆ ಏನೋ ಇಂಗೆ ಬರೆದವ್ರಲ್ಲ?"

"ಕರಾಟೆ ಇತಿಹಾಸ. ಒಗೆದ್ರೆ ಹೋಗುತ್ತೆ, ತಲೆ ತಿನ್ಬೇಡ" ಎಂದೆ ಸಿಡುಕಿ.

"ಒಗೆಯಾಕಿಲ್ಲ ಅಕ್ಕಾ. ನಮ್ಮತ್ತೆ ಮಾಟ ಅಂದ್ಕೊಂಡು ನೆನ್ನೆಯಿಂದ ತುಟಿ ಪಿಟಕ್ಕಂದಿಲ್ಲ. ಇನ್ನೊಂದರ ಮೇಲೂ ಬರೆದುಕೊಡಿ."

೩. ಒಂದು ಅಂಕ

ಕರಾಟೆ ಕಲಿಸುವ ಸರ್ ಕೊಟ್ಟ ನೋಟ್ಸು ಜೆರಾಕ್ಸಿನ ಜೆರಾಕ್ಸು. ಎರಡನೇ ಪುಟ "ಒಕಿನಾವಾದ ಗುರುಗಳು ಸಮುದ್ರ ದಾಟಿ ಜಪಾನಿನ ದೊಡ್ಡ ದ್ವೀಪಕ್ಕೆ ಹೋಗಿ" ಎಂದು ಮುಗಿಯುತ್ತದೆ. ಮೂರನೇ ಪುಟ "ನೀರಿನ ಬಾಟಲಿಯನ್ನು ಮನೆಯಿಂದಲೇ ತರಬೇಕು" ಎಂದು ಶುರುವಾಗುತ್ತದೆ. ಯಾವುದೋ ಬೇಸಿಗೆ ಶಿಬಿರದ ನಿಯಮಗಳ ಹಾಳೆ ಎಂದೋ ನಡುವೆ ಸೇರಿಕೊಂಡು, ಅಲ್ಲಿಂದ ಮುಂದೆ ಎಲ್ಲ ಪ್ರತಿಗಳಲ್ಲೂ ಉಳಿದುಬಿಟ್ಟಿತ್ತು. ನಾನು ಲೈಬ್ರರಿಯಲ್ಲಿ ಪುಸ್ತಕ ಹುಡುಕಿ, ಗುರುಗಳು ಅಲ್ಲಿ ಪ್ರದರ್ಶನ ಕೊಟ್ಟು ಕಾಲೇಜು ಹುಡುಗರಿಗೆ ಕಲಿಸಿದರೆಂದು ಪರೀಕ್ಷೆಯಲ್ಲಿ ಸರಿಯಾಗಿ ಬರೆದೆ. ಒಂದು ಅಂಕದಲ್ಲಿ ಫೇಲ್. ನೋಟ್ಸಿನಲ್ಲಿದ್ದಂತೆ ಬಾಟಲಿ ಬರೆದ ಒಂಬತ್ತು ವರ್ಷದ ಹುಡುಗಿ ಪಾಸ್.

"ಸರ್, ಕರಾಟೆ ಅಂದ್ರೆ ಬರಿಗೈ ಅಂತ ಮೊದಲ್ನೇ ಪುಟದಲ್ಲೇ ಇದೆ. ಬರಿಗೈ ಗುರುಗಳ ಹತ್ರ ಬಾಟಲಿ ಎಲ್ಲಿಂದ ಬಂತು?"

"ಎಲ್ರೂ ಇದನ್ನೇ ಬರ್ದು ಪಾಸಾಗಿದಾರೆ ಮೇಡಂ" ಎಂದರು ಸರ್. "ನಾನೂ ಇದನ್ನೇ ಬರ್ದಿದ್ದೆ."

ನನಗೆ ಕೋಪಕ್ಕೆ ಅಳುವೇ ಬಂತು. ಆ ಹುಡುಗಿ ಬಂದು ಕೈ ಹಿಡಿದು ಸಮಾಧಾನ ಮಾಡಿದಳು: "ಬಿಡಿ ಆಂಟಿ, ಉಗುರು ಕಟ್ ಮಾಡಿರ್ಬೇಕು ಅಂತ ಬರ್ದಿದ್ರೂ ಆ ಒಂದ್ ಮಾರ್ಕ್ಸ್ ಬರ್ತಿತ್ತು."

೪. ಎರಡನೇ ಸಲ

ಆರು ತಿಂಗಳು ಕಾದು ಮತ್ತೆ ಕೂತೆ. ಹಲ್ಲು ಕಚ್ಚಿಕೊಂಡು ಈ ಸಲ ಬಾಟಲಿಯನ್ನೇ ಬರೆದೆ, ಉಗುರನ್ನೂ ಬಿಡಲಿಲ್ಲ. ಅವತ್ತೇ ಹೊರಗಿನಿಂದ ಹಿರಿಯ ಪರೀಕ್ಷಕರೊಬ್ಬರು ಬರಬೇಕೇ? ನನ್ನ ಪೇಪರ್ ಓದಿ ಕನ್ನಡಕ ತೆಗೆದರು.

"ಇದನ್ನ ಯಾರಮ್ಮ ಹೇಳ್ಕೊಟ್ಟಿದ್ದು?"

ಬೆಲ್ಟು ಮತ್ತೆ ಕೈತಪ್ಪಿತು ಎನಿಸಿದಾಗ ನನಗೆ ಹೆದರಿಕೆಯೇ ಹೋಯಿತು. "ಸರಿಯಾದ ಉತ್ತರ ಹೋದ್ ಸಲ ಬರ್ದೆ ಸರ್, ಫೇಲ್ ಮಾಡಿದ್ರು" ಎಂದು ಇಡೀ ಇತಿಹಾಸವನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಹಳೇ ಪೇಪರ್ ತರಿಸಿ ನೋಡಿದರು. ಕಂದು ಬೆಲ್ಟನ್ನು ನನ್ನ ಕೈಗಿಟ್ಟರು. ಆಮೇಲೆ ಸರ್ ಕಡೆ ತಿರುಗಿ, ಎಲ್ಲರೆದುರು ಅರ್ಧ ಗಂಟೆ ಬೈದರು.

ಬೈಸಿಕೊಂಡ ಸರ್‌ಗೆ ಗಂಟಲು ಒಣಗಿತ್ತು. ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮೇಡಂ, ಕುಡಿಯೋಕೆ ಸ್ವಲ್ಪ ನೀರಿದ್ಯಾ?"

ನಾನು ಹೊಸ ಬೆಲ್ಟಿನ ಗಂಟು ಬಿಗಿ ಮಾಡಿಕೊಂಡೆ.

"ಮನೆಯಿಂದ್ಲೇ ತರ್ಬೇಕು ಸರ್. ಇತಿಹಾಸದಲ್ಲೇ ಇದೆಯಲ್ಲ."