ಒಂದು ಚಮಚೆ ತುಪ್ಪದ ಸೇಡು

ಈ ಜನ್ಮದಲ್ಲಿ ಒಂದಾದರೂ ದಪ್ಪ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ, ಅದರೊಳಗಿನ ವಿದ್ಯೆಯನ್ನೆಲ್ಲ ಹೀರಿಕೊಂಡು, ನನ್ನ ಹೆಂಡತಿಯ ಅಣ್ಣನ ಮೇಲೆ ಸೇಡು ತೀರಿಸಿಕೊಳ್ಳದಿದ್ದರೆ ನನ್ನ ಹೆಸರು ಗಿರಣಿ ಶಿವಯೋಗಪ್ಪನೇ ಅಲ್ಲ! ತೊಂಬತ್ತೇಳನೇ ಇಸವಿಯ ಬೇಸಿಗೆಯಲ್ಲಿ, ಕೊಟ್ಟೂರಿನ ನನ್ನ ಹಿಟ್ಟಿನ ಗಿರಣಿಯ ನಟ್ಟನಡುವೆ ನಿಂತು ನಾನು ಹೀಗೆ ಘೋರ ಪ್ರತಿಜ್ಞೆ ಮಾಡಿದೆ. ಗಿರಣಿ ಓಡುತ್ತಿದ್ದುದರಿಂದ ಯಾರಿಗೂ ಕೇಳಿಸಲಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಮಾಸ್ತರರಿಗೂ ನನಗೂ ಜಗಳವಾಯಿತು. ನಾನು ಮಾತು ಬಿಟ್ಟೆ, ಮಾತಿನ ಜೊತೆಗೆ ಶಾಲೆಯೂ ಹೋಯಿತು. ನನ್ನ ಸಿಟ್ಟು ಅಂಥದ್ದು. ಬಂದರೆ ಒಬ್ಬಂಟಿಯಾಗಿ ಬರುವುದಿಲ್ಲ, ಸಂಸಾರ ಸಮೇತ ಬರುತ್ತದೆ.

ಹೆಂಡತಿಯ ಅಣ್ಣನ ಮೇಲೆ ಯಾಕೆ ಸೇಡು? ಕೇಳಿ. ಮೂರು ವರ್ಷದ ಹಿಂದೆ ಆ ಅಣ್ಣ, ಬಂಗಾರಪ್ಪ, ಹೊಸ ಮನೆ ಕಟ್ಟಿಸಿ ಊಟಕ್ಕೆ ಕರೆದ. ಕಟ್ಟಿಗೆ ಅಡ್ಡೆ ಇಟ್ಟುಕೊಂಡಿರುವ ಅನುಕೂಲಸ್ಥ. ಅರವತ್ತು ಎಲೆಯ ಪಂಕ್ತಿ. ನನ್ನ ಎಲೆಗೆ ಬಿಸಿ ಹೋಳಿಗೆ ಬಿತ್ತು. ತುಪ್ಪದವನು ಬಂದ. ಇನ್ನೇನು ಚಮಚೆ ಬಾಗಬೇಕು, ಅಷ್ಟರಲ್ಲಿ ಬಂಗಾರಪ್ಪ ಆ ತುದಿಯಿಂದ ಕೂಗಿದ:

"ಏಯ್, ಅವ್ರಿಗೆ ತುಪ್ಪ ಬ್ಯಾಡೋ! ಬಿ.ಪಿ. ಐತಿ!"

ಅರವತ್ತು ತಲೆಗಳು ನನ್ನ ಕಡೆ ತಿರುಗಿದವು. ನನ್ನ ಬಿ.ಪಿ. ಅಂದರೆ ನನಗೆ, ಡಾಕ್ಟರಿಗೆ, ನನ್ನ ಹೆಂಡತಿ ಗುರುಬಸಮ್ಮನಿಗೆ ಮಾತ್ರ ಗೊತ್ತಿದ್ದ ಗುಟ್ಟು! ಅದನ್ನು ಊರ ಮುಂದೆ ಸಾರಿದನಲ್ಲ! ಎಲೆ ಬಿಟ್ಟೆದ್ದೆ. "ಇನ್ನ ಈ ಮನಿ ಹೊಸ್ತಿಲಾ ನಾನೂ ತುಳಿಯಂಗಿಲ್ಲ, ನನ್ನ ಹೇಂತೀನೂ ತುಳಿಯಂಗಿಲ್ಲ!" ಎಂದು ಗುಡುಗಿ ಬಂದುಬಿಟ್ಟೆ.

ಆ ಹೊಸ್ತಿಲು ನಮ್ಮ ಮನೆಯಿಂದ ಮೂರು ಓಣಿ ದೂರ. ಅಲ್ಲಿಂದಾಚೆ ಮೂರು ಪಂಚಮಿ ಹಬ್ಬ ಬಂದು ಹೋದವು. ಪ್ರತಿ ಪಂಚಮಿಗೂ ಬಂಗಾರಪ್ಪ ತಂಗಿಯನ್ನು ಕರೆಯಲು ಬಾಗಿಲಿಗೆ ಬರುತ್ತಿದ್ದ. ನಾನು ಗಿರಣಿಯ ಸದ್ದನ್ನೂ ಮೀರಿಸಿ ಕೂಗಿ ವಾಪಸ್ ಕಳಿಸುತ್ತಿದ್ದೆ. ಗುರುಬಸಮ್ಮ ಅಳಲಿಲ್ಲ, ಜಗಳವಾಡಲಿಲ್ಲ. ಶೇಂಗಾ ಉಂಡಿ ಕಟ್ಟುತ್ತಾ ಕಿಟಕಿಯ ಆಚೆ ನೋಡುತ್ತಿದ್ದಳು, ಅಷ್ಟೇ. ಅದಕ್ಕಿಂತ ಅವಳು ಲಟ್ಟಣಿಗೆ ಎಸೆದಿದ್ದರೆ ನನಗೆ ಸಮಾಧಾನವಿರುತ್ತಿತ್ತು.

ಹೀಗಿರುವಾಗ ಗ್ರಂಥಾಲಯದ ಬೆನಕಪ್ಪ ಗೋಧಿ ಬೀಸಿಸಲು ಬಂದ. ನನ್ನ ಕತೆ ಕೇಳಿ, "ಸೇಡು ಅಂದ್ರ ಹಿಂಗೆಲ್ಲಾ ಒದರಾಡೋದಲ್ಲ ಶಿವಯೋಗಪ್ಪಾರ. ಅದಕ್ಕೊಂದು ಪುಸ್ತಕ ಐತಿ. ಓದ್ರಿ, ಕಲೀರಿ" ಅಂದ.

ಅದು ಐವತ್ತು ವರ್ಷ ಹಳೆಯ ಕಾದಂಬರಿ. ರಟ್ಟು ಹೋಗಿ, ಹೆಸರೂ ಹೋಗಿ, ದಾರದಲ್ಲಿ ಹೊಲಿಸಿಕೊಂಡು ಕೂತಿತ್ತು. ಊರಲ್ಲಿ ಎಲ್ಲರೂ 'ಸೇಡಿನ ಪುಸ್ತಕ' ಅಂತಲೇ ಕರೆಯುವುದು. ಹೊಲದ ಗಡಿಯ ಬಾಂದಿನ ಕಲ್ಲು ಕಿತ್ತು ಒಬ್ಬ ಬಡಪಾಯಿಯನ್ನು ಅವನ ಮೂವರು ದಾಯಾದಿಗಳು ಊರು ಬಿಡಿಸುತ್ತಾರೆ. ಇಪ್ಪತ್ತು ವರ್ಷದ ಮೇಲೆ ಅವನು ಗಡ್ಡ ಬಿಟ್ಟುಕೊಂಡು ಬರುತ್ತಾನೆ. ಇಬ್ಬರನ್ನು ಮಣ್ಣುಮುಕ್ಕಿಸುತ್ತಾನೆ. ಮೂರನೆಯವನ ಮೇಲೆ ಕೊಡಲಿ ಎತ್ತುತ್ತಾನೆ. ಇಷ್ಟು ಕತೆಯನ್ನು ಬೆನಕಪ್ಪನೇ ಹೇಳಿದ್ದ. ಆಮೇಲೆ ಏನಾಯಿತು ಎಂಬುದು ಕೊನೆಯ ಪುಟದಲ್ಲಿತ್ತು, ನಾನಿನ್ನೂ ಹದಿನೇಳನೆಯದರಲ್ಲಿದ್ದೆ.

ಆದರೆ ನಿಜವಾದ ಯುದ್ಧ ಇದ್ದದ್ದು ಪುಟದ ಅಂಚಿನಲ್ಲಿ! ಓದಿದ ಮಹನೀಯರೆಲ್ಲ ಅಲ್ಲಲ್ಲೇ ಅಭಿಪ್ರಾಯ ಗೀಚಿದ್ದರು. ಅರ್ಧ ಊರು ನಾಯಕನ ಕಡೆ, ಇನ್ನರ್ಧ ದಾಯಾದಿಗಳ ಕಡೆ. 'ಕಡಿ ಮಗನ್ನ!' ಅಂತ ಒಬ್ಬ. 'ಇವನೂ ಒಬ್ಬ ಮನುಷ್ಯನೇ?' ಅಂತ ಇನ್ನೊಬ್ಬ. ನಡುವೆ ಯಾರೋ ಪುಣ್ಯಾತ್ಮ, 'ಮೂಲವ್ಯಾಧಿಗೆ ಮುಟ್ಟಿದರೆ ಮುನಿ ಸೊಪ್ಪು' ಅಂತಲೂ ಬರೆದಿದ್ದ.

ಇವರೆಲ್ಲರ ಮಧ್ಯೆ ಒಬ್ಬ ವೀರ, ದಪ್ಪ ನೀಲಿ ಪೆನ್ಸಿಲಿನಲ್ಲಿ: 'ಶಭಾಷ್! ಮಾನ ಕಳೆದವನನ್ನು ಬಿಡಬಾರದು!' ನನ್ನ ಎದೆ ಉಬ್ಬಿತು. ಹಿಟ್ಟಿನ ಡಬ್ಬಿಗಳ ಮೇಲೆ ಹೆಸರು ಬರೆಯುವ ಪೆನ್ಸಿಲ್ ತೆಗೆದು ಕೆಳಗೆ ಬರೆದೆ: 'ನೂರಕ್ಕೆ ನೂರು ನಿಜ, ಗೆಳೆಯಾ!'

ಗ್ರಂಥಾಲಯದ ನಿಯಮ, ಹದಿನೈದು ದಿನಕ್ಕೆ ವಾಪಸ್. ನನ್ನ ಓದಿನ ವೇಗಕ್ಕೆ ಹದಿನೈದು ದಿನದಲ್ಲಿ ಒಂದು ಅಧ್ಯಾಯ. ಕೊಡುವುದು, ಮತ್ತೆ ತರುವುದು. ತಂದಾಗೆಲ್ಲ ನೀಲಿ ಪೆನ್ಸಿಲಿನ ಉತ್ತರ ಕಾಯುತ್ತಿತ್ತು! ಒಮ್ಮೆ ಅವನು ತನ್ನ ಸಂಕಟ ತೋಡಿಕೊಂಡ: 'ನನಗೂ ಒಬ್ಬ ವೈರಿ ಇದ್ದಾನೆ. ಸಂಬಂಧಿಕ. ಸಣ್ಣ ಮಾತಿಗೆ ಮುನಿಸಿಕೊಂಡು ಕಟ್ಟಿಕೊಂಡ ಹೆಂಡತಿಯನ್ನು ತವರಿಗೇ ಕಳಿಸುವುದಿಲ್ಲ.'

ನನ್ನ ರಕ್ತ ಕುದಿಯಿತು. ಎಂಥ ನೀಚ! ಪೆನ್ಸಿಲ್ ಮುರಿಯುವಷ್ಟು ಒತ್ತಿ ಬರೆದೆ: 'ಥೂ! ಅಂಥವನನ್ನು ಕುದಿಯುವ ಎಣ್ಣೆಯಲ್ಲಿ ಹಾಕಿ ಮಿರ್ಚಿ ಕರಿದಂತೆ ಕರಿಯಬೇಕು! ಎರಡೂ ಕಡೆ!'

ಆದರೆ ಈ ವೀರಮೈತ್ರಿಯ ನಡುವೆ ಒಂದು ಮುಳ್ಳು. ಯಾರೋ ಮುತ್ತು ಪೋಣಿಸಿದ ಹಾಗೆ ದುಂಡಗೆ ಬರೆಯುವವರು, ಅಲ್ಲಲ್ಲಿ ಅರಿಶಿನದ ಕಲೆ ಬೇರೆ, ನಮ್ಮಿಬ್ಬರಿಗೂ ಬುದ್ಧಿ ಹೇಳುತ್ತಿದ್ದರು! 'ಕೊಡಲಿ ಎತ್ತುವ ಮುಂಚೆ, ಕಲ್ಲು ಕಿತ್ತವರು ನಿಜವಾಗಿ ಯಾರು ಅಂತ ಒಮ್ಮೆ ಕೇಳಬೇಕಿತ್ತು.'

'ಕೇಳುವವನು ಹೇಡಿ!' ಎಂದು ಬರೆದೆ.

ಮರುದಿನ ಅದರ ಕೆಳಗೆ ದುಂಡಗೆ: 'ಕೇಳದವನು ಮೂರ್ಖ.'

ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗಲೂ ಕುದಿಯುತ್ತಿದ್ದೆ. "ಲೇ ಗುರುಬಸೂ, ಊರಾಗ ಯಾವನೋ ಒಬ್ಬ ನನಗ ಮೂರ್ಖ ಅಂತಾನ! ಸಿಗಲಿ, ಚರ್ಮ ಸುಲೀತೀನಿ!"

"ರೊಟ್ಟಿ ಆರ್ತದ, ಉಣ್ರಿ" ಅಂದಳು. "ಯಾವನೋ ಅಂತ ಹೆಂಗ ಹೇಳ್ತೀರಿ? ಯಾವಾಕೇನೋ ಇದ್ದರ?"

"ಹೆಣ್ಮಕ್ಕಳಿಗೆ ಇಷ್ಟು ಧೈರ್ಯ ಎಲ್ಲೈತಿ?"

"ಖರೇ ಬಿಡ್ರಿ" ಎಂದು ಇನ್ನೊಂದು ರೊಟ್ಟಿ ಹಾಕಿದಳು.

ಶ್ರಾವಣ ಬಂತು. ಪಂಚಮಿಗೆ ಎರಡೇ ದಿನ. ನೀಲಿ ಪೆನ್ಸಿಲಿನಿಂದ ಆಹ್ವಾನ ಬಂದಿತ್ತು: 'ಗೆಳೆಯಾ, ಈ ಸಲ ಹಬ್ಬಕ್ಕೆ ಮುಂಚೆ ನನ್ನ ವೈರಿಗೆ ಪಾಠ ಕಲಿಸಬೇಕು. ಮಂಗಳವಾರ ಹನ್ನೊಂದಕ್ಕೆ ಗ್ರಂಥಾಲಯಕ್ಕೆ ಬನ್ನಿ.' ನಾನು ಇಸ್ತ್ರಿ ಮಾಡಿದ ಧೋತರ ಉಟ್ಟೆ. ಮೀಸೆಗೆ ಎಣ್ಣೆ ಹಚ್ಚಿದೆ. ಜೀವದ ಗೆಳೆಯನನ್ನು ಅಪ್ಪಿಕೊಳ್ಳಲು ತೋಳು ಸಡಿಲ ಮಾಡಿಕೊಂಡು ಒಳಗೆ ಕಾಲಿಟ್ಟರೆ, ಬೆಂಚಿನ ಮೇಲೆ ಕೂತವನು ಯಾರು? ಬಂಗಾರಪ್ಪ!

"ನೀವ್ಯಾಕ್ರಿ ಇಲ್ಲಿ?" ಅಂದೆ.

"ಯಾಕ, ಗ್ರಂಥಾಲಯ ನಿಮ್ಮ ಗಿರಣಿ ಏನು? ನನ್ನ ಗೆಳೆಯಾ ಬರೋನದಾನ."

"ನನ್ನ ಗೆಳೆಯಾನೂ ಬರೋನದಾನ. ನಿಮ್ಮಂಥೋರ ಮಾರಿ ನೋಡೋ ಮನಷ್ಯಾ ಅಲ್ಲ ಅವ."

"ನನ್ನ ಗೆಳೆಯಾನ ಕೈಯಾಗ ನೀವು ಸಿಕ್ಕರ ಕತಿ ಮುಗೀತು! ಕುದಿಯೋ ಎಣ್ಣಿಯಾಗ ಹಾಕಿ ಮಿರ್ಚಿ ಕರದಂಗ ಕರೀತಾನ! ಎರಡೂ ಕಡಿ!"

ಎರಡೂ ಕಡೆ! ಆ ಮಾತು ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಗ ಕಂಡಿತು, ಅವನ ಕಿವಿಯ ಸಂದಿಯಲ್ಲಿ ಮರದ ದಿಮ್ಮಿಗೆ ಗುರುತು ಹಾಕುವ ದಪ್ಪ ನೀಲಿ ಪೆನ್ಸಿಲ್.

ಅಂದರೆ ನಾನು ಎಣ್ಣೆಗೆ ಹಾಕಿದ ನೀಚ ಯಾರು? ನಾನೇ! ಸ್ವಹಸ್ತಾಕ್ಷರದಲ್ಲಿ!

ಬಂಗಾರಪ್ಪನೂ ನನ್ನ ಮುಖ ನೋಡಿದ. ಮೇಜಿನ ಮೇಲಿದ್ದ ಸೇಡಿನ ಪುಸ್ತಕ ತೆಗೆದು ಒಮ್ಮೆ ಕೊಡವಿದ. ಬಿಳಿ ಪುಡಿ ಉದುರಿತು. ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡ.

"ಜ್ವಾಳದ ಹಿಟ್ಟು!" ಅಂದ. "ಅಯ್ಯಪ್ಪಾ, ನಾನು ಇದು ಹಳೇ ಪುಸ್ತಕದ ಧೂಳು ಅಂತ ತಿಳಕೊಂಡಿದ್ನಲ್ರಿ!"

ಮೇಜಿನ ಹಿಂದೆ ಬೆನಕಪ್ಪ ರಿಜಿಸ್ಟರಿನಲ್ಲಿ ಮುಖ ಮುಚ್ಚಿಕೊಂಡಿದ್ದ. ಭುಜಗಳು ಕುಣಿಯುತ್ತಿದ್ದವು. ಕಳ್ಳ! ಇಬ್ಬರಿಗೂ ಪುಸ್ತಕ ಕೊಟ್ಟವನು ಅವನೇ ಅಲ್ಲವೇ? ಸಿಟ್ಟು ಮಾಡಬೇಕು ಅಂದುಕೊಂಡೆ. ಆದರೆ ಬಂಗಾರಪ್ಪ ನಗಲು ಶುರು ಮಾಡಿದ, ನನಗೂ ತಡೆಯಲಾಗಲಿಲ್ಲ. ಮೂರು ವರ್ಷ ಎದೆಯ ಮೇಲಿದ್ದ ಬೀಸುಕಲ್ಲು ಕೆಳಗಿಳಿದ ಹಾಗಾಯಿತು. ಹಗುರ ಅಂದರೆ ಇಷ್ಟು ಹಗುರವೇ!

"ಭಾವ, ಜಗಳ ಹೋಗ್ಲಿ" ಅಂದೆ ಕಣ್ಣೊರೆಸಿಕೊಂಡು. "ಈ ದುಂಡಕ್ಷರದವ ಯಾರು? ಅವನ್ನ ಇಬ್ಬರೂ ಕೂಡಿ ಹಿಡಿಯೂಣು."

ಬಂಗಾರಪ್ಪ ಕನ್ನಡಕ ಏರಿಸಿ ನೋಡಿದ. ಇಷ್ಟು ದಿನ ನನ್ನ ಹಾಗೇ ಸಿಟ್ಟಿನ ಕಣ್ಣಲ್ಲಿ ಓದಿದವನು, ಈಗ ಮೊದಲ ಸಲ ಅಕ್ಷರ ನೋಡಿದ. ನಗು ನಿಂತಿತು.

"ಇದು ನಮ್ಮ ಗುರುಬಸುನ ಅಕ್ಷರ. ಏಳನೇ ಕ್ಲಾಸಿನ್ಯಾಗ ಬಹುಮಾನ ಬಂದಿತ್ತು ಇದಕ್ಕ."

ಮದುವೆಯಾಗಿ ಇಪ್ಪತ್ತೆರಡು ವರ್ಷ. ಅವಳ ಅಕ್ಷರ ಹೇಗಿದೆ ಎಂದು ನಾನು ನೋಡಿಯೇ ಇರಲಿಲ್ಲ. ಪುಸ್ತಕ ನನ್ನ ಮನೆಯ ಗೂಡಿನಲ್ಲೇ ಇದ್ದಾಗ 'ಮರುದಿನ' ಉತ್ತರ ಹೇಗೆ ಬಂತು ಎಂದೂ ಯೋಚಿಸಿರಲಿಲ್ಲ. ಕೇಳದವನು ಮೂರ್ಖ!

ಮನೆಗೆ ಬಂದು ಗದರಿದೆ, ಸ್ವಲ್ಪ ಮೆತ್ತಗೆ. "ಏನ, ನನಗ ಮೂರ್ಖ ಅಂತ ಬರದಾಕಿ ನೀನ ಏನು?"

"ನಾನು ಪುಸ್ತಕದಾಗ ಬರದ ಯಾರಿಗೋ ಉತ್ತರ ಕೊಟ್ಟೀನ್ರಿ. ಅವ್ರು ನೀವಾ ಅಂತ ನನಗೇನು ಗೊತ್ತು?" ಎಂದು ಸೆರಗಿನಿಂದ ನನ್ನ ತೋಳಿನ ಹಿಟ್ಟು ಕೊಡವಿದಳು.

"ಇರಲಿ. ನಾಡಿದ್ದು ಪಂಚಮಿ. ನಿಮ್ಮಣ್ಣ ಬರ್ತಾನ. ಹೋಗು."

ಅವಳು ಒಳಗೆ ಹೋಗಿ ಟ್ರಂಕು ತೆಗೆದ ಸದ್ದು ಕೇಳಿತು. ಮೂರು ವರ್ಷದಿಂದ ಮಡಿಚಿಟ್ಟ ಇಳಕಲ್ ಸೀರೆ ಹೊರಗೆ ಬಂತು. ನಾನು ಗಿರಣಿಗೆ ಹೋಗಿ ಸುಮ್ಮನೆ, ಕಾಳು ಹಾಕದೆ, ಐದು ನಿಮಿಷ ಗಿರಣಿ ಓಡಿಸಿದೆ. ಕಣ್ಣಿಗೆ ಹಿಟ್ಟು ಬಿತ್ತು ಅನ್ನಲು ಒಂದು ನೆಪ ಬೇಕಲ್ಲ!

ಪಂಚಮಿಯ ದಿನ ನನಗೂ ಊಟದ ಕರೆ. ಅದೇ ಮನೆ, ಅದೇ ಪಡಸಾಲೆ. ಎಲೆಗೆ ಹೋಳಿಗೆ ಬಿತ್ತು. ಬಂಗಾರಪ್ಪ ತಾನೇ ತುಪ್ಪದ ಗಿಂಡಿ ಹಿಡಿದು ಬಂದ. "ಭಾವ, ಇವತ್ತು ನೀವು ಸಾಕು ಅನ್ನೂಮಟ ಬಿಡಂಗಿಲ್ಲ!" ನಾನು ಹೋಳಿಗೆಯ ನಡುವೆ ಬೆರಳಿನಿಂದ ಒಂದು ಕೆರೆ ತೋಡಿ ಸಿದ್ಧವಾದೆ. ಗಿಂಡಿ ಬಾಗಿತು...

"ಅಣ್ಣಾ! ಅವ್ರಿಗೆ ತುಪ್ಪ ಬ್ಯಾಡ! ಬಿ.ಪಿ. ಐತಿ!"

ಅಡುಗೆ ಮನೆಯ ಬಾಗಿಲಲ್ಲಿ ಇಳಕಲ್ ಸೀರೆಯ ಗುರುಬಸಮ್ಮ, ಸೊಂಟದ ಮೇಲೆ ಕೈ.

ಅದೇ ಮಾತು! ಅಕ್ಷರ ಅಕ್ಷರ ಅದೇ! ನನ್ನ ತಲೆಯೊಳಗೆ ಮೂರು ವರ್ಷ ತಡವಾಗಿ ದೀಪ ಹತ್ತಿತು.

"ಅವತ್ತೂ... ನೀನ ಹೇಳಿದ್ದಾ?"

"ಮತ್ತ್ಯಾರು ಹೇಳಬೇಕಿತ್ತು? ಡಾಕ್ಟರು ನನಗ ಹೇಳಿದ್ರು, ನಾನು ಅಣ್ಣಗ ಹೇಳಿದೆ."

ನಾನು ಬಂಗಾರಪ್ಪನ ಕಡೆ ತಿರುಗಿದೆ. "ಮತ್ತ ಮೂರು ವರ್ಷ ಬೈಸಿಕೊಂಡು ಸುಮ್ಮನ್ಯಾಕ ಇದ್ರಿ ನೀವು?"

"ತಂಗಿ ಹೆಸರು ಹೇಳಿದ್ರ ನಿಮ್ಮ ಸಿಟ್ಟು ಅಕಿ ಮ್ಯಾಲ ತಿರಗತಿತ್ತು. ನನ್ನ ಮ್ಯಾಲ ಇದ್ರ ಏನು, ಮೂರು ಓಣಿ ದೂರ ಇದ್ದೆ" ಅಂದ.

ಸಿಟ್ಟು ಎದ್ದು ಬಂತು, ಸಂಸಾರ ಸಮೇತ. ಆದರೆ ಯಾರ ಮೇಲೆ ಎತ್ತಲಿ ಕೊಡಲಿ? "ಸೇಡು ತೀರಿಸ್ಕೊಳ್ಳದ ಬಿಡಾಂವಲ್ಲ ನಾನು!" ಅಂದೆ, ಅಭ್ಯಾಸಬಲದಿಂದ.

"ತೀರಿಸ್ಕೊಳ್ರಿ" ಅಂದಳು ಗುರುಬಸಮ್ಮ. "ನಾಳಿಂದ ರೊಟ್ಟಿ ನೀವ ಬಡೀರಿ."

ನಾನು ತುಪ್ಪವಿಲ್ಲದ ಹೋಳಿಗೆಯನ್ನು ಮುರಿದೆ. ನಿಜ ಹೇಳುತ್ತೇನೆ, ಒಣ ಹೋಳಿಗೆ ಅಷ್ಟು ರುಚಿಯಾಗಿದ್ದದ್ದು ಅದೇ ಮೊದಲು.

ಕೊನೆಗೊಂದು ದಿನ ಪುಸ್ತಕ ಓದಿ ಮುಗಿಸಿದೆ. ಕೊನೆಯ ಪುಟದಲ್ಲಿ ನಾಯಕ ಕೊಡಲಿ ಕೆಳಗಿಟ್ಟು ಮಜ್ಜಿಗೆ ಕೇಳುತ್ತಾನೆ. ಸುತ್ತ ಅರ್ಧ ಊರು 'ಭೇಷ್' ಅಂದಿದೆ, ಅರ್ಧ ಊರು 'ಥೂ ಹೇಡಿ' ಅಂದಿದೆ. ನಾನೂ ಪೆನ್ಸಿಲ್ ಚೂಪು ಮಾಡಿ, ಇಡೀ ಜೀವನದ ಅನುಭವ ಹಿಂಡಿ ಒಂದು ಸಾಲು ಬರೆದೆ: 'ಕ್ಷಮಿಸುವುದೇ ದೊಡ್ಡತನ. ಅದರಲ್ಲೂ ಮನೆಯವರನ್ನು.' ಬರೆದು, ಗೂಡಿನಲ್ಲಿ ಎಲ್ಲರಿಗೂ ಕಾಣುವಂತೆ ತೆರೆದೇ ಇಟ್ಟೆ.

ಮರುದಿನ ನೋಡಿದರೆ, ಕೆಳಗೆ ಮುತ್ತಿನಂಥ ದುಂಡಕ್ಷರ, ಪಕ್ಕದಲ್ಲಿ ಅರಿಶಿನದ ಬೆರಳು:

'ಎಷ್ಟು ಚೆನ್ನಾಗಿ ಬರೆದರೂ ತುಪ್ಪ ಸಿಗುವುದಿಲ್ಲ.'