ಯಾರೂ ಸಾಯದ ತಾರೀಖು

ನಮ್ಮ ಭಾವನಷ್ಟು ಸತ್ತವರ ಪರಿಚಯವಿರುವ ಮನುಷ್ಯ ಇಡೀ ಹೊಸನಗರದಲ್ಲಿ ಇನ್ನೊಬ್ಬರಿಲ್ಲ! ಬಸ್ ಸ್ಟ್ಯಾಂಡ್ ಹತ್ತಿರ ಅವರದೊಂದು ಜೆರಾಕ್ಸ್ ಅಂಗಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮೊಬೈಲ್ ನೋಡಿ, ಆ ತಾರೀಖಿನಂದು ಜಗತ್ತಿನಲ್ಲಿ ಏನೇನಾಯಿತು, ಯಾರು ಹುಟ್ಟಿದರು, ಯಾರು ಸತ್ತರು ಎಂದು ಹೊರಗಿನ ಕಪ್ಪು ಹಲಗೆಯ ಮೇಲೆ ಬರೆಯುತ್ತಾರೆ. ಶಾಲೆಯ ಮಕ್ಕಳು ಪ್ರಾರ್ಥನೆಯ ಹೊತ್ತಿಗೆ ಓದಲೆಂದು ಬರೆದುಕೊಂಡು ಹೋಗುತ್ತಾರೆ, ಓದಿ ಮರೆಯುತ್ತಾರೆ. ಭಾವ ಮರೆಯುವುದಿಲ್ಲ, ಹೆದರುತ್ತಾರೆ!

ಒಮ್ಮೆ ಕೋಣಂದೂರಿನ ಮದುವೆಗೆ ಹೊರಟವರು ಅಂಗಳದಲ್ಲೇ ನಿಂತುಬಿಟ್ಟರು.

"ಇವತ್ತೇ ಮಾರಾಯ, ಆ ದೊಡ್ಡ ಹಡಗು ಮುಳುಗಿದ್ದು!"

"ಭಾವ, ನಾವು ಹೋಗೋದು ಬಸ್ಸಲ್ಲಿ!"

"ಬಸ್ಸಿಂದು ನಾಳೆಗಿದೆ. ನಾಳೆನೂ ಆಗಲ್ಲ."

ಇಂಥವರಿಗೆ ಕಳೆದ ವರ್ಷ ಹೊಟ್ಟೆನೋವು ಬಂತು. ತೀರ್ಥಹಳ್ಳಿಯಲ್ಲಿ ಸ್ಕ್ಯಾನ್ ಮಾಡಿಸಿದರೆ ಪಿತ್ತಕೋಶದಲ್ಲಿ ಕಲ್ಲು. ಸಾಗರದ ಡಾಕ್ಟರು ಆಪರೇಷನ್ನಿಗೆ ಒಂದು ದಿನ ಹೇಳಿದರು. ಭಾವ ಮೊಬೈಲ್ ತೆಗೆದರು. ಅಂದು ಯಾವನೋ ಚಕ್ರವರ್ತಿ ತೀರಿಕೊಂಡಿದ್ದ. ಬೇಡ! ಇನ್ನೊಂದು ದಿನ ಹೇಳಿದರು. ಅಂದು ಭೂಕಂಪ. ಅದೂ ಬೇಡ!

ಡಾಕ್ಟರಿಗೆ ತಾಳ್ಮೆ ಮೀರಿತು. "ಯಾರೂ ಸಾಯದ ತಾರೀಖು ನಾನೆಲ್ಲಿಂದ ತರ್ಲಿ ಯಜಮಾನ್ರೇ? ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಬಿದ್ರೆ ನೀವೇ ಆ ಪಟ್ಟಿ ಸೇರ್ತೀರಿ!"

ಪಕ್ಕದಲ್ಲಿ ಕೂತಿದ್ದ ಅಕ್ಕನ ಮುಖ ಬಿಳಿಚಿಕೊಂಡಿತು. ಡಾಕ್ಟರು ಮತ್ತೊಂದು ದಿನ ಹೇಳಿದರು. ಭಾವ ಮತ್ತೆ ಮೊಬೈಲ್ ಉಜ್ಜಿದರು. "ಸತ್ತೋರು ಬೇಕಾದಷ್ಟು ಜನ ಇದಾರೆ. ಹುಟ್ಟಿದೋರಲ್ಲಿ ಹೇಳ್ಕೊಳ್ಳೋ ಅಂಥೋರು ಒಬ್ರೂ ಇಲ್ಲ."

"ನಾನು ಹುಟ್ಟಿದ್ದು ಅವತ್ತೇ ಕಣ್ರೀ!" ಎಂದಳು ಅಕ್ಕ.

ಡಾಕ್ಟರು ನಗು ತಡೆಯಲಾರದೆ ಮೇಜಿನ ಕೆಳಗೆ ಏನೋ ಹುಡುಕತೊಡಗಿದರು. ಭಾವ ತೆಪ್ಪಗೆ ಒಪ್ಪಿಕೊಂಡರು.

ಆ ದಿನ ಬಂತು. ಭಾವನನ್ನು ಒಳಗೆ ಕರೆದೊಯ್ದ ಮೇಲೆ ಅಕ್ಕ ಬೆಂಚು ಬಿಟ್ಟು ಏಳಲಿಲ್ಲ. ನಾನು ತಂದ ಇಡ್ಲಿಯ ಪೊಟ್ಟಣ ಬಿಚ್ಚಲಿಲ್ಲ. ಹೇಳಿದ ಹೊತ್ತು ಮೀರಿದರೂ ಬಾಗಿಲು ತೆರೆಯಲಿಲ್ಲ. ನರ್ಸನ್ನು ಕೇಳಿದರೆ, "ಸ್ವಲ್ಪ ತಡ ಆಗ್ತಿದೆ" ಎಂದಷ್ಟೇ ಉತ್ತರ. ಅಷ್ಟು ದಿನ ಭಾವನನ್ನು ಗೇಲಿ ಮಾಡಿದ ನನಗೆ, ಅವರ ಮೊಬೈಲಿನಲ್ಲಿ ಕಂಡಿದ್ದ ಆ ತಾರೀಖಿನ ಸತ್ತವರೆಲ್ಲ ಬೇಡಬೇಡವೆಂದರೂ ಒಬ್ಬೊಬ್ಬರಾಗಿ ನೆನಪಾಗತೊಡಗಿದರು! ಅಕ್ಕನ ಕಡೆ ನೋಡುವ ಧೈರ್ಯವಾಗಲಿಲ್ಲ.

ಕೊನೆಗೂ ಬಾಗಿಲು ತೆರೆಯಿತು. "ಏನೂ ತೊಂದ್ರೆ ಇಲ್ಲ, ಕಲ್ಲು ಜಾಸ್ತಿ ಇತ್ತು ಅಷ್ಟೇ" ಎಂದರು ಡಾಕ್ಟರು. ಸ್ಟ್ರೆಚರ್ ಮೇಲೆ ಮಲಗಿದ್ದ ಭಾವ ಅರ್ಧ ಕಣ್ಣು ತೆರೆದು ನನ್ನನ್ನು ಸನ್ನೆ ಮಾಡಿ ಕರೆದರು. ಇನ್ನು ಯಾವ ಚಕ್ರವರ್ತಿಯ ಸುದ್ದಿಯೋ ಎಂದುಕೊಂಡು ಕಿವಿಯನ್ನು ಅವರ ಬಾಯಿಯ ಹತ್ತಿರ ಒಯ್ದೆ.

ತೊದಲುತ್ತಾ ಕೇಳಿದರು: "ಇವತ್ತು ಹುಟ್ಟಿದೋಳು ಎಂತಾದ್ರೂ ತಿಂದ್ಲಾ ಮಾರಾಯ?"