ಹಳೇ ಪಿನ್ನು

ಶವಸಂಸ್ಕಾರದ ಮಾರನೆಯ ಬೆಳಿಗ್ಗೆ ಲೀಸೆಲಾಟ್ ಎಂದಿನಂತೆ ಎರಡು ಲೋಟ ಕಾಫಿ ಮಾಡಿದಳು. ಒಂದನ್ನು ಸಿಂಕಿಗೆ ಚೆಲ್ಲಿ ಗಂಡನ ಫೋನಿಗೆ ಚಾರ್ಜರ್ ಹುಡುಕತೊಡಗಿದಳು.

ಗಂಡ ವಾನೆಸ್ ಆಫೀಸಿನಲ್ಲಿ ಕುಸಿದುಬೀಳುವ ಮುಂಚೆ ಅವಳ ಫೋನಿನಲ್ಲಿ ‘ಬರೆಯುತ್ತಿದ್ದಾರೆ’ ಎಂದು ತೋರಿಸಿತ್ತು. ಆಮೇಲೆ ಏನೂ ಬರಲಿಲ್ಲ. ಆಸ್ಪತ್ರೆಯವರು ಅವನ ಫೋನನ್ನು ಕೊಟ್ಟಾಗ ಅದು ಆರಿಹೋಗಿತ್ತು. ಏನು ಬರೆಯುತ್ತಿದ್ದ? ಅವಳಿಗೆ ಬೇಕಾಗಿದ್ದು ಅಷ್ಟೇ.

ಮನೆಯಲ್ಲಿದ್ದ ಚಾರ್ಜರುಗಳೆಲ್ಲ ಹೊಸ ಪಿನ್ನಿನವು. ಫೋನಿನದು ಹಳೆಯದು. ಕೆಳಮನೆಯ ಗೊಡೆಲೀವಮ್ಮನ ಬಾಗಿಲು ತಟ್ಟಿದಳು.

“ಹಳೇದಾ? ನಿನ್ನ ಗಂಡನೇ ಹೊತ್ಕೊಂಡು ಹೋದ್ನಲ್ಲೇ! ಇಡೀ ಯೂರೋಪಿಗೆ ಒಂದೇ ಚಾರ್ಜರ್ ಅಂತ ಕಾಯ್ದೆ ಬಂದಿದೆ, ಹಳೇದನ್ನೆಲ್ಲ ತನ್ನಿ ಅಂತ ಮೆಟ್ಟಿಲ ಮೇಲೆ ಪೆಟ್ಟಿಗೆ ಇಟ್ಕೊಂಡು ಪಾದ್ರಿ ಹಾಗೆ ಉಪದೇಶ ಮಾಡಿದ. ಮೂರು ಮಹಡಿಯವರದ್ದೂ ಕಸದ ಪಾಲಾಯ್ತು.”

ಎದುರುಮನೆಯ ಮಾರ್ನಿಕ್ಸ್ ಮಾತು ಕೇಳಿ ಹೊರಬಂದ. “ಇತ್ಲಾಗೆ ಕೊಡಮ್ಮ, ಸ್ವಲ್ಪ ಒತ್ತಿದ್ರೆ ಹೋಗತ್ತೆ,” ಎಂದು ಹೊಸ ಪಿನ್ನನ್ನು ಹಳೇ ತೂತಿಗೆ, ಮಗುವಿನ ಕಾಲಿಗೆ ಹೋದ ವರ್ಷದ ಬೂಟು ತೊಡಿಸುವವನಂತೆ ತುರುಕಿದ. ಹೋಗಲಿಲ್ಲ. ಬೆಣ್ಣೆ ಸವರುವ ಚಾಕು ತರಲು ಅವನು ಒಳಗೆ ಹೋದಾಗ ಲೀಸೆಲಾಟ್ ಫೋನು ಕಿತ್ತುಕೊಂಡು ಟ್ರಾಮು ಹತ್ತಿದಳು.

ಊರವರು ಹಳೇ ಸಾಮಾನು ತಂದು ಹಾಕುವ ಮರುಬಳಕೆ ಅಂಗಳದಲ್ಲಿ ವೈರುಗಳ ತೊಟ್ಟಿ ಅವಳ ಎದೆಮಟ್ಟಕ್ಕಿತ್ತು. ಸೊಂಟದವರೆಗೆ ಬಗ್ಗಿದ್ದಾಗ ಹಿಂದಿನಿಂದ ದನಿ ಬಂತು.

“ಮೇಡಂ, ಇಲ್ಲಿ ಹಾಕಬಹುದು. ತೆಗೆಯೋ ಹಾಗಿಲ್ಲ. ತೆಗೆದ್ರೆ ಕಳ್ಳತನ.”

“ನನ್ನ ಗಂಡ ಹಾಕಿದ್ದು. ಕಾಯ್ದೆ ಅಂತ.”

“ಕಾಯ್ದೆ ಹೊಸದಾಗಿ ಮಾರೋದಕ್ಕೆ ಮೇಡಂ. ಮನೇಲಿರೋದನ್ನ ಬಿಸಾಡಿ ಅಂತ ಯಾರೂ ಹೇಳಿಲ್ಲ.” ಕಾವಲುಗಾರ ಅವಳನ್ನು ದಿಟ್ಟಿಸಿದ. “ಉದ್ದಕ್ಕೆ, ಕೆಂಪು ಗಡ್ಡ? ಪೆಟ್ಟಿಗೆ ಸುರಿಯೋ ಮುಂಚೆ ಕೂತು ಕೆದಕಿ ಒಂದನ್ನ ಜೇಬಿಗೆ ಹಾಕ್ಕೊಂಡ್ರು. ಬೇಡ ಅಂದೆ. ‘ಇನ್ನೂ ಕೊಟ್ಟಿಲ್ಲವಲ್ಲ’ ಅಂತ ನನಗೇ ವಾದ ಹೂಡಿದ್ರು.”

ವಾದ ಹೂಡಿದನೆಂದ ಮೇಲೆ ಅದು ವಾನೆಸನೇ.

ಆಫೀಸಿನವರು ತಂದು ಮೆಟ್ಟಿಲ ಕೆಳಗೆ ನಿಲ್ಲಿಸಿದ್ದ ಅವನ ಸೈಕಲ್ಲಿನ ಚೀಲವನ್ನು ಅವಳು ಇನ್ನೂ ಮುಟ್ಟಿರಲಿಲ್ಲ. ಈಗ ಮನೆಗೆ ಬಂದವಳೇ ಅದಕ್ಕೆ ಕೈಹಾಕಿದಳು. ಬ್ರೆಡ್ಡಿನ ಕವರಿನಲ್ಲಿ ಸುತ್ತಿಟ್ಟ ಕೇಬಲ್ ಸಿಕ್ಕಿತು. ಫೋನು ಹೊತ್ತಿಕೊಳ್ಳಲು ಹತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವಳು ಕೋಟು ಬಿಚ್ಚದೆ ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಗುಪ್ತಸಂಖ್ಯೆ ನಾಲ್ಕು ಸೊನ್ನೆ.

ಕಳಿಸದೆ ಉಳಿದ ಸಂದೇಶ ಅಲ್ಲೇ ಇತ್ತು.

‘ಲೀಸೆ, ಒಂದು ಉಪಕಾರ. ಪೆಟ್ಟಿಗೆಗೆ ನನ್ನ ಕೇಬಲ್ಲನ್ನೂ ಹಾಕಿಬಿಟ್ಟೆ, ಕೆದಕಿದ್ರೂ ಸಿಗಲಿಲ್ಲ. ಅದಕ್ಕೇ ಅದರಲ್ಲಿದ್ದ ಗೊಡೆಲೀವಮ್ಮಂದನ್ನ ಎರವಲು ತೊಗೊಂಡೆ. ಅವರಿಗೆ ಹೇಳಿಲ್ಲ. ನಾನು ಕೊಟ್ರೆ ಬೈತಾರೆ. ನೀನು ಕೊಡು. ಬರುವಾಗ ನಾನು’

ಅಷ್ಟೇ. ಅವಳು ಪರದೆಯನ್ನು ಕೆಳಗೆ ಸರಿಸಿದಳು, ಮೇಲೆ ಸರಿಸಿದಳು. ಫೋನಿನಲ್ಲಿ ಚಾರ್ಜು ಶೇಕಡಾ ನಾಲ್ಕಿತ್ತು. ಕೇಬಲ್ ಕಿತ್ತು ಕೆಳಗಿಳಿದಳು.

“ಗೊಡೆಲೀವಮ್ಮ, ಇದು ನಿಮ್ಮದಂತೆ.”

ಮುದುಕಿ ಕೇಬಲ್ಲನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದಳು. “ನಾನೇ ಟೇಪು ಸುತ್ತಿದ್ದು! ಕಳ್ಳ ಕಣೇ ನಿನ್ನ ಗಂಡ! ನನ್ನ ಮುಂದೆ ಪರಿಸರ ಅಂತ ಭಾಷಣ ಬಿಗಿದು... ಇರಬೇಕಿತ್ತು ಈಗ, ಕಿವಿ ಹಿಂಡ್ತಿದ್ದೆ.”

ಅವನ ಪಾಲಿನ ಬೈಗುಳವನ್ನೆಲ್ಲ ಲೀಸೆಲಾಟ್ ನಿಂತು ಕೇಳಿಸಿಕೊಂಡಳು. ಮುಗಿದ ಮೇಲೆ ಕೇಳಿದಳು. “ನಾಳೆ ಇದನ್ನ ಅರ್ಧ ಗಂಟೆ ಕೊಡ್ತೀರಾ?”

“ನಿಮ್ಮ ಮನೆಗಾ? ಇನ್ನೊಂದ್ಸಲ? ಖಂಡಿತಾ ಇಲ್ಲ.” ಗೊಡೆಲೀವಮ್ಮ ಬಾಗಿಲನ್ನು ಪೂರ್ತಿ ತೆರೆದಳು. “ಒಳಗೆ ಬಂದು ನನ್ನ ಕಣ್ಣೆದುರಿಗೆ ಕೂತು ಚಾರ್ಜ್ ಮಾಡ್ಕೊ.”